ಓಲೆಯಲ್ಲಿ ಹೆಸರು ಗುರುವಿನದು, ಕೈ ಯಾರದು?

ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿಗೆ ಹೋದವರು ಅಪ್ರಮೇಯಸ್ವಾಮಿಗೆ ಕೈಮುಗಿದು ಅಂಬೆಗಾಲು ಕೃಷ್ಣನನ್ನೂ ನೋಡಿಯೇ ಬರುತ್ತಾರೆ. ಕೈಯಲ್ಲಿ ಬೆಣ್ಣೆಯುಂಡೆ ಹಿಡಿದು ತೆವಳುವ ಕೂಸು. ಮಕ್ಕಳಾಗಲೆಂದು ಹರಕೆ ಹೊತ್ತವರು ಒಪ್ಪಿಸಿದ ಪುಟ್ಟ ತೊಟ್ಟಿಲುಗಳು. ಪುರಂದರದಾಸರು ‘ಜಗದೋದ್ಧಾರನ’ ಪದ ಕಟ್ಟಿದ್ದು ಈ ಕೃಷ್ಣನನ್ನು ಕಂಡೇ ಎಂಬ ಮಾತು ಅಲ್ಲಿ ಕಿವಿಗೆ ಬೀಳದೆ ಇರದು.

ಸಾಕ್ಷಿ ಕೇಳಿದರೆ ಒಂದಿದೆ: ಹಾಡಿನೊಳಗೆ ‘ಅಪ್ರಮೇಯ’ ಎಂಬ ಶಬ್ದ ಬರುತ್ತದೆ. ಆದರೆ ಅದೇ ಶಬ್ದ ವಿಷ್ಣು ಸಹಸ್ರನಾಮದಲ್ಲೂ ಇದೆ. ಊರೂರಿನ ವಿಷ್ಣುವಿಗೂ ಒಪ್ಪುವ ಹೆಸರದು. ಮಳೂರಿನ ಹೆಸರಂತೂ ಪದದಲ್ಲಿಲ್ಲ. ಹಾಗೆಂದು ಕತೆ ಸುಳ್ಳೆಂದೂ ಹೇಳಲಾಗದು. ಸಿಕ್ಕಿರುವ ಸಾಕ್ಷಿ ಅಷ್ಟು ಭಾರ ಹೊರುವುದಿಲ್ಲ, ಅಷ್ಟೇ.

ಅಂಕಿತದ ಮೇಲಿನ ನಂಬಿಕೆಯೂ ಇಂಥದ್ದೇ. ಕೊನೆಯಲ್ಲಿ ‘ಪುರಂದರ ವಿಠಲ’ ಇದ್ದರೆ ಪದ ದಾಸರದೇ ಎಂದು ಬಹುತೇಕರ ಎಣಿಕೆ. ಹಾಡುವವರು ತಮ್ಮ ತಮ್ಮ ಕಟ್ಟುಗಳಲ್ಲಿ ಬರೆದುಕೊಂಡು ಬಂದ ಪದಗಳಿವು; ಒಂದೇ ಪದ ಒಂದು ಕಟ್ಟಿನಲ್ಲಿ ಒಬ್ಬರ ಅಂಕಿತದಲ್ಲಿ, ಇನ್ನೊಂದರಲ್ಲಿ ಮತ್ತೊಬ್ಬರ ಅಂಕಿತದಲ್ಲಿ ಸಿಗುವುದುಂಟು. ದಾಸರು 4,75,000 ಪದ ರಚಿಸಿದರೆಂಬ ಲೆಕ್ಕವನ್ನೇ ನೋಡಿ. ಅವರ ಕಾಲ 1484ರಿಂದ 1564 ಎನ್ನುತ್ತಾರೆ. ತೊಟ್ಟಿಲಿನಿಂದಲೇ ಶುರು ಮಾಡಿದ್ದರೂ ದಿನಕ್ಕೆ 16 ಪದ ಆಗಬೇಕು!

ಶಾಸ್ತ್ರಗ್ರಂಥಗಳ ವಿಷಯದಲ್ಲೂ ಇಂಥ ನಂಬಿಕೆಯಿದೆ. ಚನ್ನಪಟ್ಟಣ ತಾಲ್ಲೂಕಿನದೇ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಅವರ ಶಿಷ್ಯ ವ್ಯಾಸರಾಯರು (1460–1539) ದ್ವೈತದ ದೊಡ್ಡ ತಾರ್ಕಿಕ. ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವ ಮೂರೂ ಸೇರಿ ‘ವ್ಯಾಸತ್ರಯ’. ಇಂಥ ಗ್ರಂಥದ ಹಳೆಯ ಓಲೆಕಟ್ಟು ಕಂಡೊಡನೆ ‘ಗುರುಗಳ ಕೈಬರಹ’ ಎಂದು ಕಣ್ಣಿಗೊತ್ತಿಕೊಳ್ಳುವವರಿದ್ದಾರೆ.

ಕಣ್ಣಿಗೊತ್ತಿಕೊಳ್ಳಲಿ. ಆದರೆ ಓಲೆಗರಿಗೆ ಗೆದ್ದಲು, ಹುಳು, ತೇವ ಮೂರೂ ಶತ್ರು. ಗರಿ ಸವೆಯುವ ಮೊದಲೇ ಇನ್ನೊಬ್ಬ ಹೊಸ ಗರಿಯ ಮೇಲೆ ಕಂಟದಿಂದ ಕೊರೆದು, ಮಸಿ ಸವರಿ, ಒರೆಸಿ, ದಾರ ಪೋಣಿಸಿ ಕಟ್ಟಬೇಕು. ಪಠ್ಯ ಉಳಿದದ್ದು ಹೀಗೆ, ಒಂದು ಕೈಯಿಂದ ಇನ್ನೊಂದು ಕೈಗೆ. ಉಡುಪಿಯ ಪಲಿಮಾರು ಮಠದಲ್ಲಿರುವ ಸರ್ವಮೂಲದ, ಅಂದರೆ ಮಧ್ವಾಚಾರ್ಯರ ಕೃತಿಗಳ, ಪ್ರಸಿದ್ಧ ಓಲೆಕಟ್ಟು ಕೂಡ ಅವರ ಕೈಯದೆಂದು ಮಠದವರೇ ಹೇಳುವುದಿಲ್ಲ. ನೇರ ಶಿಷ್ಯ ಹೃಷೀಕೇಶತೀರ್ಥರದು ಎನ್ನುತ್ತಾರೆ. ವಿದ್ವಾಂಸ ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲ ಸಂಪಾದಿಸಿದ್ದು ಅದನ್ನು ಆಧರಿಸಿ.

ಆ ಕಟ್ಟಿನ ಭಾಷೆ ಸಂಸ್ಕೃತ, ಲಿಪಿ ತುಳು. ಸಂಸ್ಕೃತವೆಂದರೆ ದೇವನಾಗರಿ ಎಂದುಕೊಂಡವರಿಗೆ ಇದು ಸೋಜಿಗ. ನಮ್ಮ ಕಡೆ ಸಂಸ್ಕೃತವನ್ನು ಕನ್ನಡ, ಗ್ರಂಥ, ತೆಲುಗು ಲಿಪಿಗಳಲ್ಲೂ, ಮಾಧ್ವರಲ್ಲಿ ವಿಶೇಷವಾಗಿ ನಂದಿನಾಗರಿಯಲ್ಲೂ ಬರೆದರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರವೂ ಗ್ರಂಥ ಲಿಪಿಯದು. ಅದೂ ನಕಲೇ, ಕೌಟಿಲ್ಯನ ಕೈಬರಹವಲ್ಲ.

ಸ್ವಂತ ಕೈಬರಹ ಸಿಕ್ಕರೂ ಸುಖವಿಲ್ಲ ಎನ್ನುವುದಕ್ಕೆ ಯುರೋಪಿನ ಕ್ಯಾಥೊಲಿಕ್ ಪಂಡಿತ ಥಾಮಸ್ ಅಕ್ವಿನಾಸ್ ಇದ್ದಾನೆ. 1274ರಲ್ಲಿ ತೀರಿಕೊಂಡ ಆತನ ಒಂದು ಗ್ರಂಥದ ಸ್ವಹಸ್ತ ಪ್ರತಿಯ ಭಾಗ ವ್ಯಾಟಿಕನ್‌ನಲ್ಲಿದೆ. ಅಕ್ಷರ ಎಷ್ಟು ಕೆಟ್ಟದ್ದೆಂದರೆ ಓದಲಾಗದ ಬರಹ ಎಂದೇ ಅದಕ್ಕೆ ಹೆಸರು.

ಓಲೆಯ ಕೊನೆಯ ಸಾಲುಗಳೂ ಯಾಮಾರಿಸುತ್ತವೆ. ಅಲ್ಲಿರುವ ಸಂವತ್ಸರ ಗ್ರಂಥ ಹುಟ್ಟಿದ್ದಲ್ಲ, ಸಾಮಾನ್ಯವಾಗಿ ನಕಲು ಮುಗಿದದ್ದು. ಶಕವರ್ಷ ಕೊಡದೆ ಬರಿ ಸಂವತ್ಸರ ಬರೆದಿದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಜೊತೆಗೆ ಲಿಪಿಕಾರನ ಅಳಲು: ಬೆನ್ನು ಸೊಂಟ ಬಾಗಿ ಕಷ್ಟಪಟ್ಟು ಬರೆದಿದ್ದೇನೆ, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ದೂರಬೇಡಿ. ಓದಿದರೆ ಕರುಳು ಚುರುಕ್ಕೆನ್ನುತ್ತದೆ. ಆಮೇಲೆ ಅದೇ ಶ್ಲೋಕ ಇನ್ನೊಂದು ಕಟ್ಟಿನಲ್ಲಿ, ಮತ್ತೊಂದರಲ್ಲಿ ಎದುರಾಗುತ್ತದೆ. ಅದನ್ನೂ ನಕಲು ಮಾಡಿದ್ದಾರೆ.