ಹೆಸರಿಗೂ ಬೇಕು ಇನಿಷಿಯಲ್!

ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಹಾಜರಿ ಕರೆಯುವುದು ಹೇಗೆ? ‘ಹೆಚ್. ಮಂಜುನಾಥ’, ‘ಬಿ. ಮಂಜುನಾಥ’ ಎಂದರೆ ಗೊಂದಲ ಮುಗಿಯಿತು. ಕಂಪ್ಯೂಟರುಗಳ ಲೋಕದಲ್ಲೂ ಇಂಥದೇ ತೊಡಕುಂಟು. ಆದರೆ ಅಲ್ಲಿ ಹೆಸರು ಅದಲುಬದಲಾದರೆ ತಪ್ಪುವುದು ಬರಿಯ ಹಾಜರಿಯಲ್ಲ. ನೆರೆಯ ಮುನ್ಸೂಚನೆಯೇ ತಪ್ಪೀತು!

‘ಏರಿಯಾ’ ಎಂಬ ಪದವನ್ನೇ ನೋಡಿ. ಜಮೀನಿನ ದಾಖಲೆಯಲ್ಲಿ ಅದು ಎಕರೆ, ಗುಂಟೆಗಳ ಲೆಕ್ಕ. ಹವಾಮಾನದ ಎಚ್ಚರಿಕೆಯಲ್ಲಿ ಅದೇ ಪದಕ್ಕೆ ಮಳೆ ಸುರಿಯಲಿರುವ ಪ್ರದೇಶ ಎಂದರ್ಥ. ನಾವು ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಕಂಪ್ಯೂಟರಿಗೆ ಬಿಡಿಸಿ ಹೇಳಬೇಕು.

ಡಬ್ಬಿಗೆ ಚೀಟಿ

ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಸಂಸ್ಥೆ 1998ರ ಫೆಬ್ರವರಿಯಲ್ಲಿ ‘ಎಕ್ಸ್‌ಎಂಎಲ್’ ಎಂಬ ವಿಧಾನಕ್ಕೆ ಒಪ್ಪಿಗೆ ನೀಡಿತು. ಅಡುಗೆಮನೆಯ ಡಬ್ಬಿಗಳ ಮೇಲೆ ‘ಉಪ್ಪು’, ‘ಸಕ್ಕರೆ’ ಎಂದು ಚೀಟಿ ಅಂಟಿಸುವಂತೆ, ಇಲ್ಲಿ ಮಾಹಿತಿಯ ಪ್ರತಿ ತುಣುಕಿಗೂ ಹೆಸರಿನ ಚೀಟಿ ಇರುತ್ತದೆ. ಯಾರು ಬೇಕಾದರೂ ತಮಗೆ ಒಪ್ಪುವ ಹೆಸರಿಡಬಹುದು. ತೊಂದರೆ ಇದ್ದದ್ದು ಅಲ್ಲಿಯೇ. ಇಬ್ಬರ ಚೀಟಿಗಳು ಒಂದೇ ಆದಾಗ ಏನು ಮಾಡುವುದು?

ಇದಕ್ಕೆ ಪರಿಹಾರವಾಗಿ 1999ರ ಜನವರಿಯಲ್ಲಿ ಬಂದದ್ದೇ ‘ನೇಮ್‌ಸ್ಪೇಸ್’. ಪ್ರತಿ ಹೆಸರಿನ ಹಿಂದೆಯೂ ಒಂದು ಪುಟ್ಟ ಇನಿಷಿಯಲ್ ಸೇರಿಸಬಹುದು. ಆದರೆ ‘ಹೆಚ್’ ಎಂದರೆ ಹಾಸನವೋ ಹುಬ್ಬಳ್ಳಿಯೋ? ಆದ್ದರಿಂದ ಕಡತದಲ್ಲೇ ಅದರ ಪೂರ್ಣ ರೂಪವನ್ನೂ ಘೋಷಿಸಿರಬೇಕು. ಕಂಪ್ಯೂಟರ್ ನಂಬುವುದು ಆ ಪೂರ್ಣ ರೂಪವನ್ನೇ. ಅನೇಕ ವೇಳೆ ಅದು ವೆಬ್ ವಿಳಾಸದಂತೆ ಕಾಣುತ್ತದೆ. ಆದರೆ ಅಲ್ಲಿ ಯಾವ ಪುಟವೂ ತೆರೆಯಬೇಕೆಂದಿಲ್ಲ. ಬೇರಾರೂ ಬಳಸದ ಗುರುತಾಗಿದ್ದರೆ ಸಾಕು.

ಒಂದೇ ಎಚ್ಚರಿಕೆ, ಹಲವು ದಾರಿ

ಇದರ ಪ್ರಯೋಜನ ಕಾಣಬೇಕಾದರೆ ವಿಪತ್ತಿನ ಮುನ್ಸೂಚನೆಯತ್ತ ನೋಡಬೇಕು. ಸೈರನ್, ರೇಡಿಯೋ, ದೂರದರ್ಶನ, ಮೊಬೈಲ್ ಪ್ರತಿಯೊಂದಕ್ಕೂ ಬೇರೆ ಬೇರೆ ರೂಪದ ಸಂದೇಶ ಸಿದ್ಧಪಡಿಸುತ್ತ ಕುಳಿತರೆ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಇದನ್ನು ತಪ್ಪಿಸಲು ‘ಒಯಾಸಿಸ್’ ಎಂಬ ಸಂಸ್ಥೆ 2004ರಲ್ಲಿ ‘ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್’ ಅಂದರೆ ‘ಕ್ಯಾಪ್’ ಎಂಬ ಸಮಾನ ನಮೂನೆಯನ್ನು ಅಂಗೀಕರಿಸಿತು. 2010ರಲ್ಲಿ ಅದರ 1.2ನೇ ಆವೃತ್ತಿ ಬಂತು. ಆವೃತ್ತಿಯ ಸಂಖ್ಯೆಯೂ ನೇಮ್‌ಸ್ಪೇಸ್‌ನಲ್ಲೇ ಇರುವುದರಿಂದ ಹಳೆಯದು, ಹೊಸದು ಬೆರೆಯುವುದಿಲ್ಲ.

ಈ ನಮೂನೆಯಲ್ಲಿ ಅಪಾಯ ಎಷ್ಟು ತೀವ್ರ, ಎಷ್ಟು ತುರ್ತು, ಎಷ್ಟು ಖಚಿತ ಎಂಬುದಕ್ಕೆ ಪ್ರತ್ಯೇಕ ಕೋಣೆಗಳಿವೆ. ಭಾಷೆಗೊಂದರಂತೆ ವಿವರಣೆ ಸೇರಿಸಬಹುದು, ಕನ್ನಡಕ್ಕೂ ಜಾಗವುಂಟು. ಎಚ್ಚರಿಕೆ ನಿಜವೆಂದು ಸಾಬೀತುಪಡಿಸುವ ಡಿಜಿಟಲ್ ಸಹಿಯನ್ನು ‘ಕ್ಯಾಪ್’ ಹೊಸದಾಗಿ ರೂಪಿಸಿಕೊಂಡಿಲ್ಲ! ವೆಬ್ ಕನ್ಸಾರ್ಟಿಯಂ ಮೊದಲೇ ಸಿದ್ಧಪಡಿಸಿದ್ದ ಸಹಿಯ ಭಾಗವನ್ನು ಅದರದೇ ನೇಮ್‌ಸ್ಪೇಸ್ ಸಮೇತ ಹಾಗೆಯೇ ಸೇರಿಸಿಕೊಳ್ಳಬಹುದು. ನೆರೆಮನೆಯಿಂದ ತಂದ ಪಾತ್ರೆಯ ಮೇಲೆ ಅವರ ಹೆಸರು ಕೆತ್ತಿದ್ದರೆ ನಮ್ಮ ಪಾತ್ರೆಗಳೊಂದಿಗೆ ಬೆರೆಯುವುದಿಲ್ಲವಷ್ಟೆ, ಹಾಗೆ.

ಭಾರತದಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ನಡೆಯುವುದು ಇದೇ ‘ಕ್ಯಾಪ್’ ನಮೂನೆಯ ಮೇಲೆ. ಮಳೆಯ ಸುದ್ದಿ ಹವಾಮಾನ ಇಲಾಖೆಯದು, ನದಿಯ ಮಟ್ಟ ಕೇಂದ್ರ ಜಲ ಆಯೋಗದ್ದು, ಸುನಾಮಿಯ ಮುನ್ಸೂಚನೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದ್ದು. ಮೂಲಗಳು ಬೇರೆಯಾದರೂ ಚೀಟಿಗಳು ಒಂದೇ. 2023ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಮೊಬೈಲುಗಳು ಸದ್ದು ಮಾಡಿದ್ದು ಎಚ್ಚರಿಕೆ ತಲುಪಿಸುವ ಇಂಥ ಏರ್ಪಾಡಿನ ಪರೀಕ್ಷೆಗಾಗಿಯೇ.

ಒಂದು ಮಾತು ನೆನಪಿರಲಿ. ಪದ ಯಾರದೆಂದು ನೇಮ್‌ಸ್ಪೇಸ್ ಹೇಳುತ್ತದೆ. ಅದರ ಅರ್ಥವನ್ನು ಮನುಷ್ಯರೇ ಕೂತು ಮೊದಲು ಒಪ್ಪಿಕೊಳ್ಳಬೇಕು. ಒಪ್ಪಂದವಿಲ್ಲದ ಕಡೆ ಯಂತ್ರ ಏನು ಮಾಡೀತು?

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಅಂಕಪಟ್ಟಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ಗಳನ್ನು ಎದುರಿಗಿಟ್ಟುಕೊಂಡು ‘ಹೆಸರು’, ‘ಸಂಖ್ಯೆ’, ‘ದಿನಾಂಕ’ ಎಂಬ ಪದಗಳು ಎಲ್ಲೆಲ್ಲಿ ಬಂದಿವೆ, ಪ್ರತಿಯೊಂದರ ಅರ್ಥವೇನು ಎಂದು ಪಟ್ಟಿ ಮಾಡಲಿ. ತಂದೆತಾಯಿಯರೂ ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು. ಒಂದೇ ‘ದಿನಾಂಕ’ಕ್ಕೆ ಎಷ್ಟು ಅರ್ಥಗಳೆಂದು ಕಂಡಾಗ, ಹೆಸರಿಗೂ ಇನಿಷಿಯಲ್ ಏಕೆ ಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.