ಐದು ನಿಮಿಷದ ನಗುವಿಗೆ ಮೂರು ತಾಸು ಚಳಿ

ನ್ಯೂಯಾರ್ಕಿನ ಮ್ಯಾಕ್‌ಡೂಗಲ್ ರಸ್ತೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಫಲಾಫೆಲ್ ಕರಿಯುವ ಎಣ್ಣೆಯ ವಾಸನೆ. ಆಮೇಲೆ ಕಿವಿಗೆ ಬೀಳುವ ಪ್ರಶ್ನೆ: ‘ನಿಮಗೆ ಕಾಮಿಡಿ ಇಷ್ಟವಾ?’

ಕೇಳಿದ ಹುಡುಗ ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ಕೈಯಲ್ಲಿ ಕರಪತ್ರದ ಕಟ್ಟು. ನವೆಂಬರಿನ ಸಂಜೆ, ಬಾಯಿ ತೆರೆದರೆ ಹೊಗೆ. ಜೆರ್ಸಿ ಸಿಟಿಯಲ್ಲಿ ಕೆಲಸದಲ್ಲಿರುವ ತಂಗಿಯ ಮಗ ‘ನಿಲ್ಲಬೇಡಿ ಮಾವ, ಬಿಡಲ್ಲ ಇವರು’ ಎಂದು ತೋಳು ಜಗ್ಗಿದ. ನಾನು ನಿಂತೆ. ನಾವು ಟಿಕೆಟ್ ತೆಗೆಸಿದ್ದ ‘ಕಾಮಿಡಿ ಸೆಲ್ಲರ್’ನ ಆಟಕ್ಕೆ ಇನ್ನೂ ಅರ್ಧ ಗಂಟೆಯಿತ್ತು.

ಹುಡುಗ ಆ ಕ್ಲಬ್ಬಿನವನಲ್ಲ, ಮೂಲೆ ತಿರುಗಿದರೆ ಸಿಗುವ ಇನ್ನೊಂದು ನೆಲಮಾಳಿಗೆಯವನು. ಇಂಥವರನ್ನು ಇಲ್ಲಿ ‘ಬಾರ್ಕರ್’ ಅನ್ನುತ್ತಾರೆ, ಅಂದರೆ ಬೊಗಳುವವ. ಬೀದಿಯಲ್ಲಿ ನಿಂತು ಹೋಗುವವರನ್ನು ಕೂಗಿ ಒಳಗೆ ಕಳಿಸಬೇಕು. ಮೂರು ತಾಸು ಕೂಗಿದರೆ ಕೂಲಿ ಏನು ಎಂದೆ. ‘ಐದು ನಿಮಿಷ’ ಎಂದ. ನನಗೆ ಅರ್ಥವಾಗಲಿಲ್ಲ. ‘ಕೊನೆಯ ಆಟದಲ್ಲಿ ವೇದಿಕೆ ಮೇಲೆ ಐದು ನಿಮಿಷ. ಅದೇ ಸಂಬಳ.’ ನಮ್ಮ ಕಂಪನಿ ನಾಟಕದವರೂ ಗಾಡಿ ಕಟ್ಟಿಕೊಂಡು ಹ್ಯಾಂಡ್‌ಬಿಲ್ ಎರಚುತ್ತಿದ್ದರು ನಿಜ, ಆದರೆ ಎರಚುವವನಿಗೆ ರಾಜಾಪಾರ್ಟ್ ಆಸೆ ತೋರಿಸಿ ದುಡಿಸಿಕೊಂಡದ್ದು ನಾನು ಕೇಳಿಲ್ಲ.

ಅವನು ಮಾತಿನ ಮಲ್ಲ. ಹಗಲು ಕಾಫಿ ಅಂಗಡಿಯಲ್ಲಿ ಕೆಲಸ, ರಾತ್ರಿ ಇದು. ಈಗ ಎಲ್ಲರೂ ಫೋನಿನಲ್ಲೇ ಟಿಕೆಟ್ ತೆಗೆಸಿಕೊಂಡು ಬರುತ್ತಾರೆ, ಕರಪತ್ರ ಹಿಡಿದವನ ಮುಖ ನೋಡುವವರಿಲ್ಲ ಎಂಬುದು ಅವನ ದೂರು. ಕಸುಬಿನ ಮಾತುಗಳನ್ನೂ ಹೇಳಿಕೊಟ್ಟ. ಜನ ಬಿದ್ದು ಬಿದ್ದು ನಕ್ಕರೆ ‘ಕೊಂದೆ’ ಅನ್ನಬೇಕು. ಯಾರೂ ನಗದಿದ್ದರೆ ‘ಬಾಂಬ್ ಆಯ್ತು’. ಹಿಂದುಗಡೆ ಸಣ್ಣ ದೀಪ ಹತ್ತಿದರೆ ಅದು ‘ಲೈಟ್’, ಮಾತು ಮುಗಿಸು ಎಂದರ್ಥ. ಲೈಟ್ ಕಂಡೂ ನಿಂತವನಿಗೆ ಮತ್ತೆ ಅವಕಾಶವಿಲ್ಲ. ‘ಒಂದು ಜೋಕು ಹೇಳು’ ಎಂದೆ. ಡಾಕ್ಟರ ಹತ್ತಿರ ಮದುವೆ ಮನೆಯಲ್ಲಿ ಕೈ ಚಾಚಿ ನಾಡಿ ನೋಡಿ ಎಂದಂತಾಯಿತೇನೋ. ಆದರೆ ಅವನು ಹೇಳಿದ: ‘ನಮ್ಮಪ್ಪ ಪ್ರತಿ ಭಾನುವಾರ ಫೋನ್ ಮಾಡ್ತಾರೆ. ಕೆಲಸ ಸಿಕ್ತಾ ಅಂತ ಕೇಳಲ್ಲ. ಯಾರಾದ್ರೂ ನಕ್ಕರಾ ಅಂತ ಕೇಳ್ತಾರೆ. ಹಾಗೆ ಕೇಳುವಾಗ ಅವರೇ ನಗ್ತಿರ್ತಾರೆ.’ ರಸ್ತೆಯಲ್ಲೇ ನಕ್ಕುಬಿಟ್ಟೆವು. ‘ರಾತ್ರಿ ಬನ್ನಿ, ಇದು ಕೊನೆಗಿದೆ’ ಎಂದ.

ಇನ್ನು ನಾವು ನೋಡಲು ಬಂದ ಜಾಗ. ಕಾಮಿಡಿ ಸೆಲ್ಲರ್ ಶುರುವಾದದ್ದು 1982ರಲ್ಲಿ. ಸಂಗೀತಗಾರನೂ ಹೋಟೆಲಿನವನೂ ಆಗಿದ್ದ ಮ್ಯಾನಿ ಡ್ವೋರ್ಮನ್‌ನ ನೆಲಮಾಳಿಗೆಯಲ್ಲಿ ಬಿಲ್ ಗ್ರುಂಡ್‌ಫೆಸ್ಟ್ ಎಂಬ ಕಾಮಿಡಿಯನ್ ಆರಂಭಿಸಿದ. ಮ್ಯಾನಿ ತೀರಿಕೊಂಡ ಮೇಲೆ ಮಗ ನೋಮ್ ನಡೆಸುತ್ತಿದ್ದಾನೆ. ಪಕ್ಕದ ‘ಕೆಫೆ ವಾ’ದಲ್ಲಿ ಬಾಬ್ ಡಿಲನ್ 1961ರಲ್ಲಿ ಊರಿಗೆ ಬಂದ ಮೊದಲ ದಿನವೇ ಹಾಡಿದ್ದ. ಕ್ಲಬ್ಬಿನ ಮೇಲಿನ ‘ಆಲಿವ್ ಟ್ರೀ’ ಹೋಟೆಲಿನಲ್ಲಿ ಮೇಜುಗಳೆಲ್ಲ ಸ್ಲೇಟು, ಸೀಮೆಸುಣ್ಣದಲ್ಲಿ ಗೀಚಬಹುದು. ಅಲ್ಲಿನ ಹಿಂದಿನ ಮೂಲೆಯ ಮೇಜು ಕಾಮಿಡಿಯನ್ನರದ್ದು. ಕೆಳಗೆ ತಮ್ಮ ಸರದಿ ಬರುವವರೆಗೆ ಅಲ್ಲಿ ಕೂತು ಜಗಳವಾಡುತ್ತಾರೆ.

ಕಡಿದಾದ ಮೆಟ್ಟಿಲಿಳಿದರೆ ನಮ್ಮ ಕಡೆಯ ಕಲ್ಯಾಣ ಮಂಟಪದ ಉಗ್ರಾಣದಷ್ಟು ಜಾಗ. ತಲೆಗೆ ತಾಗುವಂಥ ಚಾವಣಿ, ಮೊಣಕಾಲಿಗೆ ಮೊಣಕಾಲು ತಗಲುವ ಕುರ್ಚಿಗಳು. ವೇದಿಕೆ ಎಂದರೆ ಒಂದು ಹಲಗೆ, ಒಂದು ಮೈಕು, ಹಿಂದೆ ಇಟ್ಟಿಗೆ ಗೋಡೆ. ಈ ಇಟ್ಟಿಗೆ ಗೋಡೆ ಈಗ ಜಗತ್ತಿನ ಕಾಮಿಡಿ ಕ್ಲಬ್ಬುಗಳ ಗುರುತೇ ಆಗಿದೆ. ಅದರ ಮೂಲ 1963ರಲ್ಲಿ ಇದೇ ಊರಿನಲ್ಲಿ ಬಡ್ ಫ್ರೀಡ್‌ಮನ್ ತೆರೆದ ‘ಇಂಪ್ರಾವ್’ ಕ್ಲಬ್ಬು. ಹಳೆಯ ಹೊದಿಕೆ ಕಿತ್ತಾಗ ಇಟ್ಟಿಗೆ ಕಂಡಿತು, ಮುಚ್ಚಿಸಲು ಅವನ ಬಳಿ ದುಡ್ಡಿರಲಿಲ್ಲ. ಬಡತನವೇ ಫ್ಯಾಶನ್ ಆಯಿತು.

ಈ ಊರಿನ ಕ್ಲಬ್ಬುಗಳಲ್ಲಿ ಟಿಕೆಟ್ ಕೊಂಡ ಮೇಲೂ ತಲೆಗೆ ಎರಡು ಐಟಂ ತರಿಸಲೇಬೇಕೆಂಬ ಪದ್ಧತಿಯಿದೆ. ಕುಡಿಯದ ನಾನು ಎರಡು ಲೋಟ ಕ್ರ್ಯಾನ್‌ಬೆರಿ ರಸ ಇಟ್ಟುಕೊಂಡು ಕೂತೆ. ಅದರ ಮೇಲೆ ಟಿಪ್ಪು ಬೇರೆ.

ಆಟ ಶುರುವಾಯಿತು. ಹಾರವಿಲ್ಲ, ಶಾಲಿಲ್ಲ, ಅಧ್ಯಕ್ಷೀಯ ಭಾಷಣವಂತೂ ಇಲ್ಲವೇ ಇಲ್ಲ. ನಮ್ಮ ಹಾಸ್ಯಸಂಜೆಗಳ ಸಂಘಟಕರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು. ನಿರೂಪಕ ಮುಂದಿನ ಸಾಲಿನ ಜೋಡಿಯೊಂದನ್ನು ಹಿಡಿದುಕೊಂಡು ಕಾಡಿದ. ನಾನು ಅಳಿಯನ ಭುಜದ ಹಿಂದೆ ಮುಖ ಮರೆಸಿದೆ. ಒಬ್ಬೊಬ್ಬರಿಗೂ ಸುಮಾರು ಕಾಲು ಗಂಟೆ. ಮುಗಿಸಿದವರು ಇನ್ನೊಂದು ಕ್ಲಬ್ಬಿಗೆ ಓಡುತ್ತಾರೆ, ಒಂದೇ ರಾತ್ರಿ ನಾಲ್ಕೈದು ಕಡೆ. ಕ್ರಿಸ್ ರಾಕ್, ಡೇವ್ ಶಪೆಲ್‌ರಂಥ ದೊಡ್ಡ ಕಾಮಿಡಿಯನ್ನರು ಹೇಳದೇ ಕೇಳದೇ ಇಳಿದುಬರುವ ಜಾಗವಿದು. ಜೆರ್ರಿ ಸೈನ್‌ಫೆಲ್ಡ್ ತನ್ನ ಹಳೆಯ ಜೋಕುಗಳನ್ನೆಲ್ಲ ಬಿಟ್ಟು ಹೊಸದನ್ನು ಕಟ್ಟುವಾಗ ಇಂಥ ವೇದಿಕೆಗಳಲ್ಲೇ ತಡವರಿಸಿದ್ದು 2002ರ ‘ಕಾಮಿಡಿಯನ್’ ಸಾಕ್ಷ್ಯಚಿತ್ರದಲ್ಲಿದೆ. ಫೋನಿನಲ್ಲಿ ಚಿತ್ರೀಕರಿಸಬಾರದು ಎನ್ನುವುದೂ ಅದಕ್ಕೇ. ಅರ್ಧ ಬೆಂದ ಜೋಕು ಬೀದಿಗೆ ಹೋಗಬಾರದು. ನಾವು ಹೋದ ರಾತ್ರಿ ದೊಡ್ಡ ಹೆಸರು ಯಾವುದೂ ಬರಲಿಲ್ಲ.

ನನಗೆ ಅರ್ಧ ಜೋಕು ಅರ್ಥವಾಗಲಿಲ್ಲ. ಅವರ ಟೀವಿ, ಅವರ ಬಾಡಿಗೆ, ಅವರ ಬೇಸ್‌ಬಾಲು. ಆದರೂ ನಕ್ಕೆ. ಆ ಚಾವಣಿಯ ಕೆಳಗೆ ನಗು ಮೇಲೆ ಹೋಗಲು ದಾರಿಯಿಲ್ಲದೆ ತಿರುಗಿ ಮೈಮೇಲೇ ಬೀಳುತ್ತದೆ. ಎಡಗಡೆಯ ಅಪರಿಚಿತ ಹೆಂಗಸು ನಕ್ಕಾಗ ನನ್ನ ಕುರ್ಚಿಯೇ ಅಲ್ಲಾಡುತ್ತಿತ್ತು.

ಹೊರಗೆ ಬಂದಾಗ ಹನ್ನೊಂದು ದಾಟಿತ್ತು. ಜೆರ್ಸಿ ಸಿಟಿಗೆ ಹೋಗುವ ಪಾಥ್ ರೈಲು ರಾತ್ರಿಯಿಡೀ ಇದೆ, ಆದರೆ ಹೊತ್ತು ಮೀರಿದಷ್ಟೂ ವಿರಳ. ಅಳಿಯ ಗೊಣಗಿದರೂ ಮೂಲೆ ತಿರುಗಿದೆವು. ಅಲ್ಲಿ ಒಂಬತ್ತು ಜನ ಕೂತಿದ್ದರು, ಅವರಲ್ಲಿ ಮೂವರು ತಮ್ಮ ಸರದಿಗೆ ಕಾದವರು. ನಮ್ಮ ಹುಡುಗ ಟೋಪಿ ತೆಗೆದು ಮೈಕು ಹಿಡಿದ. ಸಬ್‌ವೇ ಬಗ್ಗೆ ಹೇಳಿದ, ಒಬ್ಬ ನಕ್ಕ. ಕಾಫಿ ಅಂಗಡಿಯ ಬಗ್ಗೆ ಹೇಳಿದ, ಯಾರೂ ನಗಲಿಲ್ಲ. ನಮ್ಮನ್ನು ಗುರುತು ಹಿಡಿದು ತಲೆಯಾಡಿಸಿದ. ಅಪ್ಪನ ಜೋಕು ಈಗ ಬರುತ್ತದೆಂದು ನಾನು ಮುಂದಕ್ಕೆ ಬಾಗಿದೆ. ‘ನಮ್ಮಪ್ಪ ಪ್ರತಿ ಭಾನುವಾರ...’ ಎನ್ನುವಷ್ಟರಲ್ಲಿ ಹಿಂದುಗಡೆ ಲೈಟ್ ಹತ್ತಿತು. ಅವನು ಅದನ್ನೇ ಒಂದು ಕ್ಷಣ ನೋಡಿದ. ಥ್ಯಾಂಕ್ಯೂ ಎಂದು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ.