ಪಿಎಚ್.ಡಿ. ಆಯಿತು, ಮುಂದೇನು?

ನಮ್ಮ ಸಂಘದ ಮನೆಗಳಲ್ಲಿ ಡಾಕ್ಟರೇಟ್ ಪಡೆದ ಮಕ್ಕಳು ಈಗ ಅಪರೂಪವಲ್ಲ. ಆದರೆ ಪದವಿ ಕೈಗೆ ಬಂದ ಮರುದಿನವೇ ಬಂಧುಗಳ ಪ್ರಶ್ನೆ ಸಿದ್ಧ: "ಓದು ಮುಗಿಯಿತಲ್ಲ, ಇನ್ನು ನೌಕರಿ ಯಾವಾಗ? ಮದುವೆ ಯಾವಾಗ?" ಮಗಳು "ಇನ್ನೆರಡು ವರ್ಷ ಸಂಶೋಧನೆ ಇದೆ" ಎಂದರೆ ಹಿರಿಯರಿಗೆ ದಿಗಿಲು. ದಿಗಿಲು ಸಹಜವೇ. ಆದರೆ ವಿಷಯ ತಿಳಿಯದೆ ಅಡ್ಡ ಬಂದರೆ, ಐದಾರು ವರ್ಷಗಳ ಶ್ರಮ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಡಾಕ್ಟರೇಟ್ ಎಂಬುದು ಗುರುವಿನ ನೆರಳಿನಲ್ಲಿ ಕಲಿತುದರ ಗುರುತು. ಸ್ವಂತ ಪ್ರಶ್ನೆಯೆತ್ತಿ ಉತ್ತರ ಹುಡುಕಬಲ್ಲೆನೆಂದು ತೋರಿಸುವ ಕಾಲ ಆಮೇಲಿನದು. ಅದಕ್ಕೇ ಪೋಸ್ಟ್‌ಡಾಕ್ ಎಂದು ಹೆಸರು. ಇದು ಶುಲ್ಕ ಕಟ್ಟಿ ಓದುವ ಓದಲ್ಲ, ವೇತನ ಪಡೆದು ಮಾಡುವ ಕೆಲಸ. ನಮ್ಮವರೇ ಆದ ಸಿ.ಎನ್.ಆರ್. ರಾಯರು 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಬರ್ಕ್ಲಿಯಲ್ಲಿ ಸಂಶೋಧನೆ ಮುಂದುವರಿಸಿ, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು.

ಈ ಮನೆಗೆ ಬಾಗಿಲು ಎರಡು. ಮೊದಲನೆಯದು, ಪ್ರಾಧ್ಯಾಪಕರ ಯೋಜನೆಗೆ ಬಂದ ಹಣದಿಂದ ದೊರೆಯುವ ಸ್ಥಾನ. ಕೆಲವಕ್ಕೆ ಜಾಹೀರಾತು ಬರುತ್ತದೆ. ಕೆಲವು ಪರಿಚಯದಿಂದಲೂ ಪತ್ರದಿಂದಲೂ ಒದಗುತ್ತವೆ. ಎರಡನೆಯದು, ಅಭ್ಯರ್ಥಿಯೇ ಗೆದ್ದು ತರುವ ಫೆಲೋಶಿಪ್. ನಮ್ಮ ದೇಶದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ನ ಅವಧಿ 2 ವರ್ಷ, ವಯೋಮಿತಿ 35; ಸ್ತ್ರೀಯರಿಗೆ 5 ವರ್ಷದ ರಿಯಾಯಿತಿ ಉಂಟು. ಜರ್ಮನಿಯಲ್ಲಿ 1953ರಲ್ಲಿ ಮತ್ತೆ ಸ್ಥಾಪನೆಯಾದ ಹುಂಬೋಲ್ಟ್ ಪ್ರತಿಷ್ಠಾನವಿದೆ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಒಂದು ವಿಚಿತ್ರ ನಿಯಮ: ಹಿಂದಿನ 36 ತಿಂಗಳಲ್ಲಿ, ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಈ ಮೂರಕ್ಕೂ ಮೊದಲೇ ಒಬ್ಬ ಆತಿಥೇಯ ಪ್ರಾಧ್ಯಾಪಕರ ಒಪ್ಪಿಗೆ ಬೇಕು.

ಆದುದರಿಂದ ಎಲ್ಲವೂ ಒಂದು ಪತ್ರದಿಂದ ಆರಂಭ. ಒಂದೇ ಒಕ್ಕಣೆಯನ್ನು ನೂರು ಮಂದಿಗೆ ಕಳುಹಿಸಿದರೆ ನೂರೂ ಕಸದ ಬುಟ್ಟಿಗೆ. ಹತ್ತು ಮಂದಿಯನ್ನು ಆರಿಸಿ, ಅವರ ಇತ್ತೀಚಿನ ಲೇಖನಗಳನ್ನು ಓದಿ, "ನಿಮ್ಮ ಈ ಕೆಲಸಕ್ಕೆ ನನ್ನ ಈ ವಿದ್ಯೆ ಹೀಗೆ ಒದಗೀತು" ಎಂದು ಒಂದು ಪುಟದಲ್ಲಿ ಬರೆಯಬೇಕು. ಎರಡು ವಾರ ಕಾದು, ಉತ್ತರ ಬರದಿದ್ದರೆ ವಿನಯದಿಂದ ಮತ್ತೊಮ್ಮೆ ನೆನಪಿಸಬಹುದು. ಪ್ರಬಂಧ ಒಪ್ಪಿಸುವ ಒಂದು ವರ್ಷ ಮೊದಲೇ ಈ ಕೆಲಸಕ್ಕೆ ತೊಡಗಬೇಕು. ಶಿಫಾರಸು ಪತ್ರ ಬರೆಯುವ ಗುರುಗಳಿಗೂ ಸಮಯ ಬೇಕಷ್ಟೆ. ಸ್ಥಾನ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರಿಂದ ದೂರವಿರುವುದೇ ಲೇಸು.

ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳೂ ಇವೆ. ವೇತನದಲ್ಲಿ ಆ ಊರಿನ ಬಾಡಿಗೆ ತೂಗಿ ಎಷ್ಟು ಉಳಿದೀತು? ಆರೋಗ್ಯ ವಿಮೆ ಉಂಟೆ? ಒಪ್ಪಂದ ಎಷ್ಟು ತಿಂಗಳದು, ಮುಂದುವರಿಸುವ ಅಧಿಕಾರ ಯಾರದು? ಆ ಪ್ರಯೋಗಾಲಯದಲ್ಲಿ ಹಿಂದೆ ಇದ್ದವರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಅನೇಕ ಸಂಗತಿಗಳನ್ನು ಹೇಳುತ್ತದೆ. ಪೋಸ್ಟ್‌ಡಾಕ್ ಮಾಡಿದವರಿಗೆಲ್ಲ ಪ್ರಾಧ್ಯಾಪಕ ಹುದ್ದೆ ಕಾದಿರುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಮುಚ್ಚಿಡಬಾರದು. ಎರಡು ಮೂರು ವರ್ಷಕ್ಕೊಂದು ಗಡುವನ್ನು ಅವರೇ ಇಟ್ಟುಕೊಳ್ಳಲಿ.

ಊರು ಬಿಟ್ಟು ಬಂದು ನೆಲೆ ನಿಂತವರು ನಾವು. ಗುರುತಿಲ್ಲದ ಊರಿನಲ್ಲಿ ಮೊದಲ ಆರು ತಿಂಗಳು ಹೇಗಿರುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳು ಹೊರಟು ನಿಂತಾಗ "ಇನ್ನೂ ಓದೇ?" ಎನ್ನುವ ಬದಲು "ಯಾವ ಪ್ರಶ್ನೆಯ ಬೆನ್ನು ಹತ್ತಿದ್ದೀಯ, ಮಗು?" ಎಂದು ಕೇಳೋಣ.